ಪರಂಗಿ ಲಿಂಗಪ್ಪನ ಮೊದಲ ಪುಟ

ಪರಂಗಿ ಲಿಂಗಪ್ಪನ ಹೆಸರು ಕೇಳದವರು ಆಗ ನಮ್ಮೂರಲ್ಲಿ ಒಬ್ಬರೂ ಇರಲಿಲ್ಲ. ಅವನು ಬದುಕಿದ್ದದ್ದು ಅಮೇರಿಕ ದೇಶದಲ್ಲಿ. ಸತ್ತು ನೂರೆಪ್ಪತ್ತು ವರ್ಷವಾದ ಮೇಲೆ ನಮ್ಮೂರಿಗೆ ಬಂದ, ಅದೂ ದೇವೀರಯ್ಯ ಮೇಷ್ಟ್ರ ಬಗಲಚೀಲದಲ್ಲಿ. ಮೇಷ್ಟ್ರು ಟ್ರೈನಿಂಗಿಗೆಂದು ದೊಡ್ಡ ಪಟ್ಟಣಕ್ಕೆ ಹೋಗಿದ್ದಾಗ ರದ್ದಿ ಅಂಗಡಿಯಲ್ಲಿ ಸಿಕ್ಕಿದ, ರಟ್ಟು ಕಿತ್ತುಹೋದ ಇಂಗ್ಲಿಷ್ ಪುಸ್ತಕ ಅದು. ಆತ ತನ್ನ ಬದುಕಿನ ಕಥೆಯನ್ನು ತಾನೇ ಬರೆದುಕೊಂಡದ್ದು. ಹೆಸರು ಬೆಂಜಮಿನ್ ಫ್ರಾಂಕ್ಲಿನ್. ಮೇಷ್ಟ್ರು ಎಷ್ಟು ಸಲ ತಿದ್ದಿ ಹೇಳಿಕೊಟ್ಟರೂ ನಮ್ಮ ನಾಲಗೆ ಹೊರಳಲಿಲ್ಲ. ಮೊದಲು ಪರಂಕ್ಲಿಂಗ ಆದ, ಆಮೇಲೆ ಪರಂಗಿ ಲಿಂಗ ಆದ, ಕೊನೆಗೆ ವಯಸ್ಸಿಗೆ ಮರ್ಯಾದೆ ಕೊಡಬೇಕಲ್ಲ ಎಂದು ಪರಂಗಿ ಲಿಂಗಪ್ಪ ಆದ. ಶಾಲೆಯ ಪಕ್ಕದ ಮನೆಯಲ್ಲಿ ಅಳಲೆಕಾಯಿ ಕುದಿಸಿ ಶಾಯಿ ಕಾಯಿಸುತ್ತಿದ್ದ ಕಾಸಿಂಬಿಯಂತೂ ಅವನು ಹಿಂದಿನ ಬೀದಿಯವನು ಎಂಬಂತೆ “ನಮ್ ಲಿಂಗಪ್ಪ” ಅನ್ನುತ್ತಿದ್ದಳು.

ಮೇಷ್ಟ್ರು ಆ ಪುಸ್ತಕವನ್ನು ಹದಿನಾಲ್ಕು ವರ್ಷ ಕೂತು ಕನ್ನಡಕ್ಕೆ ಮಾಡಿದರು. ಮಾಡಿದಷ್ಟನ್ನು ಭಾನುವಾರ ಬೆಳಗ್ಗೆ ಶಾಲೆಯ ಜಗಲಿಯ ಮೇಲೆ ಓದುತ್ತಿದ್ದರು. ಲಿಂಗಪ್ಪನ ಅಪ್ಪ ಸಾಬೂನು, ಮೇಣದಬತ್ತಿ ಮಾಡುವವನು. ಹುಡುಗ ಅಣ್ಣನ ಅಚ್ಚುಕೂಟದಲ್ಲಿ ದುಡಿದ, ಏಟು ತಿಂದ, ಓಡಿಹೋದ. ಹೊಸ ಊರಿಗೆ ಕಾಲಿಟ್ಟಾಗ ಎರಡು ಬಗಲಲ್ಲಿ ಎರಡು ರೊಟ್ಟಿ ಇರುಕಿಕೊಂಡು ಮೂರನೆಯದನ್ನು ತಿನ್ನುತ್ತಾ ನಡು ಬೀದಿಯಲ್ಲಿ ನಡೆದನಂತೆ. ಬಾಗಿಲಲ್ಲಿ ನಿಂತಿದ್ದ ಹುಡುಗಿಯೊಬ್ಬಳಿಗೆ ಅವನ ವೇಷ ನೋಡಿ ನಗು ಬಂತಂತೆ. ಮುಂದೆ ಅವಳನ್ನೇ ಕಟ್ಟಿಕೊಂಡ. “ನಕ್ಕೋಳ್ನೇ ಮದ್ವೆ ಆದ್ನಾ? ಜಲ್ಮೆಲ್ಲ ನಗಿಸ್ಕಂಡ ಅನ್ನು,” ಎಂದು ಕಾಸಿಂಬಿ ತಲೆದೂಗಿದಳು. ಅವನು ಹದಿಮೂರು ಒಳ್ಳೆಯ ಗುಣಗಳ ಪಟ್ಟಿ ಮಾಡಿ, ದಿನಾ ಯಾವುದರಲ್ಲಿ ಜಾರಿದೆ ಎಂದು ಪುಟ್ಟ ಪುಸ್ತಕದಲ್ಲಿ ಕರಿ ಚುಕ್ಕೆ ಇಡುತ್ತಿದ್ದ ಕಥೆ ಬಂದ ವಾರ ನಮ್ಮೂರಿನ ಅರ್ಧ ಜನ ಅಂಥ ಪುಸ್ತಕ ಹೊಲಿದುಕೊಂಡರು. ಒಂದು ತಿಂಗಳಿಗೆ ನಮ್ಮಪ್ಪನ ಪುಸ್ತಕ ಬಾಣಲೆಯ ತಳದ ಹಾಗೆ ಕಪ್ಪಾಯಿತು. “ಹದಿಮೂರಾಗೆ ಒಂದಾದ್ರೂ ಕಮ್ಮಿ ಮಾಡಿಸಿ ಮೇಷ್ಟ್ರೇ,” ಎಂದು ಅಪ್ಪ ಕೇಳಿಕೊಂಡರು. ನಮ್ಮಮ್ಮ ತೀರಿಕೊಂಡ ವರ್ಷ ನಾನು ನಕ್ಕಿದ್ದೇನಾದರೂ ಇದ್ದರೆ ಅದು ಆ ಜಗಲಿಯ ಮೇಲೆ.

ನಮ್ಮೂರಲ್ಲಿ ಮನುಷ್ಯ ಸತ್ತರೆ ಅವನ ಕೈಬರಹವೂ ಹೋಗುತ್ತಿತ್ತು. ಸತ್ತ ದಿನ ಶಾಯಿ ಸ್ವಲ್ಪ ಮಂಕಾಗುವುದು, ಹನ್ನೊಂದನೇ ದಿನಕ್ಕೆ ಹಾಳೆ ಬಿಳಿ. ಬೋರ್ಡು ಬರೆಯುವ ಪೇಂಟರ್ ಗವಿಯಪ್ಪ ತೀರಿಕೊಂಡಾಗ ಹನ್ನೊಂದೇ ದಿನದಲ್ಲಿ ಹದಿನಾರು ಅಂಗಡಿಗಳ ಹೆಸರು ಅಳಿಸಿಹೋದವು. ಯಾರೂ ತಲೆ ಕೆಡಿಸಿಕೊಳ್ಳಲಿಲ್ಲ, ಅಂಗಡಿ ಯಾವುದು ಅಂತ ಎಲ್ಲರಿಗೂ ಗೊತ್ತಲ್ಲ. ಮಿಲಿಟರಿಗೆ ಹೋದವರ ಹೆಂಡತಿಯರು ಬೆಳಗ್ಗೆ ಎದ್ದು ಮೊದಲು ಗಂಡನ ಹಳೆಯ ಕಾಗದ ಬಿಚ್ಚಿ ನೋಡುವರು. ಅಕ್ಷರ ಕಪ್ಪಗಿದ್ದರೆ ಕಾಗದ ಮಡಿಸಿಟ್ಟು ಒಲೆ ಹಚ್ಚುವರು. ಶಾಯಿ ಇದ್ದರೆ ಉಸಿರಿದೆ ಅಂತ ನಮ್ಮ ಕಡೆ ಮಾತೇ ಇತ್ತು. ಎದುರು ಮನೆಯ ಪುಟ್ಟತಾಯಮ್ಮ ಮಾತ್ರ ಗಂಡನ ಕಾಗದಗಳನ್ನು ಯಾರಿಗೂ ತೋರಿಸಲು ನಾಚಿಕೊಂಡು ಹಾಗೇ ಇಟ್ಟುಕೊಂಡಿದ್ದರು. ಗಂಡ ಹೋದ ಮೇಲೆ ಬರೀ ಬಿಳಿ ಹಾಳೆಗಳನ್ನು ಮಡಿಲಲ್ಲಿ ಇಟ್ಟುಕೊಂಡು, ಯಾವ ಮಡಿಕೆಯಲ್ಲಿ ಏನಿತ್ತು ಎಂದು ಬೆರಳಿಟ್ಟು ಓದಿಕೊಳ್ಳುತ್ತಿದ್ದರು.

ಹಾಗಾಗಬಾರದು ಅಂತಲೇ ನಮ್ಮೂರಲ್ಲಿ ಕೈಚಾವಡಿ ಇತ್ತು. ಒಬ್ಬರು ಬರೆದದ್ದನ್ನು ಇನ್ನೊಬ್ಬರು ತಮ್ಮ ಕೈಯಲ್ಲಿ ಬರೆದುಕೊಂಡರೆ ಆ ಬರಹ ಇವರ ಆಯಸ್ಸಿನಷ್ಟು ಕಾಲ ಉಳಿಯುತ್ತಿತ್ತು. ಅದಕ್ಕೆ ನಾವು ಕೈ ಕೊಡುವುದು ಎನ್ನುತ್ತಿದ್ದೆವು. ನಲವತ್ತು ಮನೆಯವರಿಗೆ ಅದೇ ಕಸುಬು, ಅದರಲ್ಲಿ ನಮ್ಮದೂ ಒಂದು. ಕದ್ದು ಬರೆದುಕೊಂಡರೆ ನಿಲ್ಲುತ್ತಿರಲಿಲ್ಲ, ಮೂಲದ ಜೊತೆಗೇ ಅಳಿಸಿಹೋಗುವುದು. ಬರೆದವರು ಎದುರು ಕೂತು ಮೊದಲ ಪುಟವನ್ನು ಬಾಯಾರೆ ಓದಿ ಹೇಳಬೇಕು, ಕೈ ಕೊಡುವವರು ಕೇಳಿದ್ದನ್ನು ಕೇಳಿದ ಹಾಗೆ ಬರೆಯಬೇಕು. ಅಲ್ಲಿಗೆ ಅಪ್ಪಣೆ ಆದಂತೆ. ಉಳಿದ ಪುಟಗಳನ್ನು ನೋಡಿಕೊಂಡು ಬರೆಯಬಹುದು. ಹೊಡೆದು ತಿದ್ದುವ ಹಾಗಿಲ್ಲ; ಹೊಡೆದ ಪುಟವೂ ನಿಲ್ಲುವುದಿಲ್ಲ. ನಮ್ಮ ಕೇರಿಯ ಒಂದು ಮನೆಯಲ್ಲಿ ಮುತ್ತಜ್ಜಿಯ ಹುಳಿ ಮಾಡುವ ಕ್ರಮಕ್ಕೆ ಕೈ ಕೊಟ್ಟವನು ‘ಉಪ್ಪು ಹಾಕು’ ಎನ್ನುವ ಸಾಲನ್ನು ಎರಡು ಸಲ ಬರೆದುಬಿಟ್ಟಿದ್ದ. ನಾಲ್ಕು ತಲೆಮಾರು ಆ ಮನೆಯವರು ಎರಡು ಸಲ ಉಪ್ಪು ಹಾಕಿಕೊಂಡೇ ಉಂಡರು. ಅವರ ಮನೆಗೆ ಊಟಕ್ಕೆ ಕರೆದರೆ ನಾವು ಮಜ್ಜಿಗೆ ಕುಡಿದು ಎದ್ದು ಬರುತ್ತಿದ್ದೆವು.

ಮೇಷ್ಟ್ರಿಗೂ ಚಾವಡಿಗೂ ಜಗಳ ಹತ್ತಿದ್ದು ಅಚ್ಚಿನ ಮೆಷಿನ್ನಿನಿಂದ. ಲಿಂಗಪ್ಪನ ಕಥೆಯಲ್ಲಿ ಮುಳುಗಿದ ಮೇಷ್ಟ್ರಿಗೆ ನಮ್ಮೂರಿಗೂ ಒಂದು ಅಚ್ಚುಕೂಟ ಬೇಕು ಅನ್ನಿಸಿತು. ಅಚ್ಚಾದದ್ದು ಯಾರು ಸತ್ತರೂ ಅಳಿಸುವುದಿಲ್ಲ. ತಮ್ಮ ಕೈಯಲ್ಲೇ ಅರ್ಜಿ ಬರೆದು, ಮನೆಮನೆಗೆ ತಿರುಗಿ ಬೇರೆ ಹಾಳೆಗಳಲ್ಲಿ ಇನ್ನೂರು ಹನ್ನೆರಡು ಜನರ ರುಜು ಹಾಕಿಸಿ ಊರ ಸಭೆಗೆ ಕೊಟ್ಟರು. ಇಂಥ ಅರ್ಜಿ ಚಾವಡಿಯ ಮುಖ್ಯಸ್ಥರ ಮುಂದೆ ಹೋಗುವುದು ರೂಢಿ. ಆಗಷ್ಟೇ ಆ ಜಾಗಕ್ಕೆ ಬಂದವರು ಮರುಳಸಿದ್ದಪ್ಪ, ನಮ್ಮೆಲ್ಲರ ಸಿದ್ದಣ್ಣ, ಮೇಷ್ಟ್ರಿಗೆ ಇದ್ದ ಒಬ್ಬನೇ ಮಗ. ತುಂಬಿದ ಸಭೆಯಲ್ಲಿ ಸಿದ್ದಣ್ಣ ಎದ್ದು ನಿಂತು, “ಅಚ್ಚು ಬಂದ್ರೆ ನಲವತ್ತು ಮನೆ ಒಲೆ ಆರುತ್ತೆ. ಅದೂ ಅಲ್ದೆ, ಅಪ್ಪನ ಅಕ್ಷರಾನ ಮಕ್ಳು ಬರ್ದು ಉಳಿಸ್ಕೊಳ್ಳೋ ಊರು ಇದು. ಮೆಷಿನ್ನಿಗೆ ಅಪ್ಪ ಯಾರು, ಮಗ ಯಾರು?” ಎಂದು ಅರ್ಜಿಯ ಕೆಳಗೆ ಕೆಂಪು ಶಾಯಿಯಲ್ಲಿ ತಿರಸ್ಕರಿಸಲಾಗಿದೆ ಎಂದು ಬರೆದರು. ಮೇಷ್ಟ್ರು ಹೆಗಲ ಮೇಲಿನ ಟವೆಲ್ ಕೊಡವಿ, “ಹಾಗಾದ್ರೆ ಕೇಳ್ಕೊಳ್ಳಿ. ನನ್ನ ಹಾಳೆಗೆ ಚಾವಡಿ ಕೈ ಸೋಕ್ಬಾರದು,” ಎಂದರು. “ಸೋಕಲ್ಲ ಬಿಡಿ,” ಎಂದರು ಸಿದ್ದಣ್ಣ. ಅವತ್ತಿನಿಂದ ಮೇಷ್ಟ್ರು ಶಾಲೆಯ ಹಿಂದಿನ ಕೋಣೆಗೆ ಹಾಸಿಗೆ ಸಾಗಿಸಿದರು. ನಾಲ್ಕು ಬೀದಿ ಅಂತರದಲ್ಲಿ ಅಪ್ಪ ಮಗ ಎಂಟು ವರ್ಷ ಮಾತಿಲ್ಲದೆ ಕಳೆದರು. ನಾನು ಯಾರ ಕಡೆ ಎಂದು ಕೇಳುತ್ತೀರಾ? ಚಾವಡಿಯ ಕಡೆ. ನಮ್ಮ ಮನೆಯಲ್ಲೂ ಒಲೆ ಇತ್ತಲ್ಲ. ಆದರೂ ಭಾನುವಾರ ಜಗಲಿಗೆ ಹೋಗುವುದನ್ನು ಮಾತ್ರ ಬಿಡಲಿಲ್ಲ.

ಮಾಘ ಮಾಸದಲ್ಲಿ ಮೇಷ್ಟ್ರಿಗೆ ಕೆಮ್ಮು ಹತ್ತಿತು. ಡಾಕ್ಟರು ನೋಡಿ, ಹೊರಗೆ ಬಂದು, ಕಾಸಿಂಬಿಯ ಹತ್ತಿರ ಕೈ ತಿರುವಿ ತೋರಿಸಿ ಹೋದರು. ಪುಸ್ತಕ ಮುಗಿದಿತ್ತು. ನಾನೂರು ಹನ್ನೆರಡು ಫುಲ್‌ಸ್ಕೇಪ್ ಹಾಳೆ, ಕಬ್ಬಿಣದ ಟ್ರಂಕಿನಲ್ಲಿ ಲಾಡಿ ಕಟ್ಟಿ ಇಟ್ಟಿದ್ದರು. ನನಗೆ ಆಗ ಇಪ್ಪತ್ತೆರಡು. ಚಾವಡಿಯಲ್ಲಿ ನನ್ನ ಅಕ್ಷರಕ್ಕೆ ಹೆಸರಿತ್ತು. “ನಾನು ಕೈ ಕೊಡ್ತೀನಿ ಮೇಷ್ಟ್ರೇ, ಮೊದ್ಲ ಪುಟ ಓದಿ ಸಾಕು,” ಎಂದು ಮಂಚದ ಪಕ್ಕ ಕೂತೆ. “ನೀನು ಚಾವಡಿಯೋಳು ಕಣವ್ವಾ ಚಂದ್ರಮತಿ. ಆಡಿದ ಮಾತು ಆಡಿದ್ದೇ.” “ಹಾಗಾದ್ರೆ ಇದು ಅಳಿಸಿಹೋಗ್ಲಾ?” “ಅಚ್ಚಾದ್ರೆ ಆಗ್ಲಿ, ಇಲ್ದಿದ್ರೆ ಹೋಗ್ಲಿ.” ನನಗೆ ಎಲ್ಲಿಲ್ಲದ ಸಿಟ್ಟು ಬಂತು. ಹದಿನಾಲ್ಕು ವರ್ಷದ ಭಾನುವಾರಗಳನ್ನು ಈ ಮುದುಕ ತನ್ನ ಹಟಕ್ಕೆ ಹಾಕಿ ಸುಡುತ್ತಿದ್ದಾರಲ್ಲ ಅನ್ನಿಸಿತು. ಬಾಯಿಗೆ ಬಂದದ್ದನ್ನು ನುಂಗಿಕೊಂಡು, “ಪಟ್ಟಣದ ಅಚ್ಚುಕೂಟಕ್ಕೆ ಬರೀಲಾ?” ಎಂದೆ. ಮೇಷ್ಟ್ರು ಕಣ್ಣು ಅರಳಿಸಿದರು. “ಬರಿ. ನನಗೆ ಕೂರೋಕಾಗಲ್ಲ. ನೀನೇ ಬರಿ.”

ಬರೆದೆ. ಜನ್ಮದಲ್ಲಿ ಅಷ್ಟು ಚೆಂದದ ಅಕ್ಷರದಲ್ಲಿ ಇನ್ನೊಂದು ಕಾಗದ ಬರೆದಿಲ್ಲ. ಪುಸ್ತಕದ ವಿಷಯ, ಮೇಷ್ಟ್ರ ವಿಷಯ, ಅವರ ಆರೋಗ್ಯ, ಎಲ್ಲ ಬರೆದು, ಕೊನೆಗೆ ಅಚ್ಚುಕೂಟದ ಮಾಲೀಕರಿಗೆ ನಂಬಿಕೆ ಬರಲಿ ಎಂದು ಹೀಗೆ ಸೇರಿಸಿದೆ: ‘ತಾವು ಒಪ್ಪಿದಲ್ಲಿ ಅದಕ್ಕೆ ಪ್ರತಿಯಾಗಿ ನಾನೇ ಖುದ್ದಾಗಿ ಬಂದು ತಮಗೆ ಕೈ ಕೊಡುತ್ತೇನೆ. ಕೈ ಕೊಡುವುದರಲ್ಲಿ ನಮ್ಮ ಮನೆತನಕ್ಕೆ ಒಳ್ಳೆಯ ಹೆಸರಿದೆ. ನಮ್ಮ ಅಜ್ಜನವರು ಮೂರು ಜನ ಶಾನುಭೋಗರಿಗೂ, ತಂದೆಯವರು ಇಬ್ಬರು ಅಮಲ್ದಾರರಿಗೂ ಕೈ ಕೊಟ್ಟಿದ್ದಾರೆ. ತಮಗೂ ಅದೇ ರೀತಿ ಕೈ ಕೊಡುತ್ತೇವೆಂದು ಭರವಸೆ ನೀಡುತ್ತೇನೆ.’

ಹದಿನೈದು ದಿನಕ್ಕೆ ಉತ್ತರ ಬಂತು. ನಾನು ಅದನ್ನು ಎರಡು ಸಲ ಓದಿದರೂ ತಲೆಬುಡ ತಿಳಿಯಲಿಲ್ಲ. ‘ತಮ್ಮ ಮನೆತನದ ಬಗ್ಗೆ ಮುಂಚಿತವಾಗಿಯೇ ತಿಳಿಸಿದ ತಮ್ಮ ಪ್ರಾಮಾಣಿಕತೆ ದೊಡ್ಡದು. ನಮ್ಮ ವ್ಯವಹಾರದಲ್ಲಿ ಈವರೆಗೆ ಕೈ ಕೊಟ್ಟವರು ಯಾರೂ ಹೀಗೆ ಮೊದಲೇ ಹೇಳಿರಲಿಲ್ಲ. ಅಂಥವರು ನಮಗೆ ಈಗಾಗಲೇ ಸಾಕಷ್ಟು ಇರುವುದರಿಂದ ಕ್ಷಮಿಸಬೇಕು.’ ಮೇಷ್ಟ್ರ ಮುಂದೆ ಓದಿದೆ. ಅವರು, ನೀನು ಏನಂತ ಬರೆದಿದ್ದೆ ಹೇಳು ಅಂದರು. ಹೇಳಿದೆ. ಆ ಮನುಷ್ಯ ಎದೆ ಹಿಡಿದುಕೊಂಡು ನಗಲು ಶುರುಮಾಡಿದವರು ನಿಲ್ಲಿಸಲೇ ಇಲ್ಲ. ಕಣ್ಣಲ್ಲಿ ನೀರು, ನಡುನಡುವೆ ಕೆಮ್ಮು. “ಅಯ್ಯೋ ಮಂಕೇ, ಈ ಊರು ದಾಟಿದ್ರೆ ಕೈ ಕೊಡೋದು ಅಂದ್ರೆ ನಂಬಿಸಿ ಮೋಸ ಮಾಡೋದು ಕಣೇ. ಇಬ್ರು ಅಮಲ್ದಾರರಿಗೆ ಕೈ ಕೊಟ್ಟ ಮನೆತನ ಅಂತ ಬರ್ದಿದೀಯಲ್ಲೇ,” ಎಂದು ಮತ್ತೆ ನಕ್ಕರು. ಕಾಸಿಂಬಿ ಸೌಟು ಹಿಡಿದುಕೊಂಡೇ ಓಡಿಬಂದಳು. ವಿಷಯ ತಿಳಿದು ಅವಳೂ ನೆಲಕ್ಕೆ ಕೂತು ನಕ್ಕಳು. ನಾನು ನಗಲಿಲ್ಲ. ಊರಾಚೆ ಕಾಲಿಡದ ನನಗೆ ಅದು ಗೊತ್ತಿರಲಿಲ್ಲ ಅನ್ನುವುದು ನಿಜ. ಆದರೆ ನನ್ನ ಕೈಯಿಂದಲೇ ಮೇಷ್ಟ್ರ ಪುಸ್ತಕ ಹಾಳಾಯಿತು ಅನ್ನುವುದೂ ನಿಜ. ಮುಖ ಮುಚ್ಚಿಕೊಂಡು ಅತ್ತೆ.

ಅವತ್ತೇ ಇನ್ನೊಂದು ಕಾಗದ ಬರೆದು ಎಲ್ಲ ಬಿಡಿಸಿ ಹೇಳಿ ಅಂಚೆಗೆ ಹಾಕಿದೆ. ಆದರೆ ನಮ್ಮೂರಿನ ಅಂಚೆ ಹೋಗಿ ಬರುವುದಕ್ಕೆ ಹದಿನೈದು ದಿನ, ಮೇಷ್ಟ್ರ ಮುಖ ನೋಡಿದರೆ ಅಷ್ಟು ದಿನ ಉಳಿಯುವ ಹಾಗೆ ಕಾಣಲಿಲ್ಲ. ನಗು ಇಳಿದ ಮೇಲೆ ಅವರು ಗೋಡೆ ಕಡೆ ತಿರುಗಿ ಮಲಗಿ, ಯಾರಿಗೋ ಹೇಳುವ ಹಾಗೆ ಲಿಂಗಪ್ಪನ ಕೊನೆಗಾಲದ ವಿಷಯ ಹೇಳಿದರು. ಜಗಲಿಯ ಮೇಲೆ ಅದನ್ನು ಯಾವತ್ತೂ ಹೇಳಿರಲಿಲ್ಲ. ಅಮೇರಿಕದವರು ರಾಜನ ಆಳ್ವಿಕೆ ಬೇಡ ಎಂದು ಎದ್ದುನಿಂತಾಗ ಲಿಂಗಪ್ಪ ಜನರ ಕಡೆ, ಅವನ ಮಗ ರಾಜನ ಕಡೆ. ಮಗ ಸೆರೆಮನೆಯಲ್ಲಿ ಕೂತರೂ ಅಪ್ಪನ ಮನಸ್ಸು ಕರಗಲಿಲ್ಲ.

ಮಾರನೇ ಬೆಳಗ್ಗೆ ಚಾವಡಿ ತೆರೆಯುವ ಮೊದಲೇ ಸಿದ್ದಣ್ಣನ ಮನೆಗೆ ಹೋದೆ. ಅವರು ಹಿತ್ತಲಲ್ಲಿ ಒಗೆಯುವ ಕಲ್ಲಿನ ಮೇಲೆ ಕೂತು, ಒಂದು ಕಾಗದ ಬಿಚ್ಚಿ ಬಿಸಿಲಿಗೆ ಹಿಡಿದು ನೋಡುತ್ತಿದ್ದರು. ನನ್ನ ಹೆಜ್ಜೆ ಸಪ್ಪಳಕ್ಕೆ ಗಡಬಡಿಸಿ ಮಡಿಸಿದರು. “ಆಫೀಸ್ ಕಾಗದ,” ಎಂದರು, ನಾನು ಕೇಳುವ ಮೊದಲೇ. ಕೈ ಕೊಡುವವರಿಗೆ ಅಕ್ಷರವೆಂದರೆ ಮುಖ ಇದ್ದ ಹಾಗೆ, ಅರ್ಧ ಕಂಡರೂ ಗುರುತು ಸಿಗುತ್ತದೆ. ಅದು ಮೇಷ್ಟ್ರ ಅಕ್ಷರ. ಅಡಿಯಲ್ಲಿ ಕೆಂಪು ಶಾಯಿ. ಎಂಟು ವರ್ಷದ ಹಿಂದೆ ಇವರೇ ತಿರಸ್ಕರಿಸಿದ ಅರ್ಜಿ. ಮಡಿಕೆಗಳು ಸವೆದು ಬಟ್ಟೆಯ ಹಾಗಾಗಿದ್ದವು. ಮಿಲಿಟರಿಯವರ ಹೆಂಡತಿಯರ ಹಾಗೆ ಈ ಮನುಷ್ಯ ದಿನಾ ಎದ್ದು ಅಪ್ಪ ಇದ್ದಾರಾ ಎಂದು ನೋಡಿಕೊಳ್ಳುತ್ತಿದ್ದರು.

“ಕಾಗದ ನೋಡೋ ಬದ್ಲು ನಾಲ್ಕು ಬೀದಿ ದಾಟಿ ಮುಖಾನೇ ನೋಡ್ಬಹುದಲ್ಲ ಸಿದ್ದಣ್ಣ,” ಎಂದೆ. “ನಿನ್ನ ಬಾಯಿಗೆ ಬೀಗ ಇಲ್ಲ ಅಂತ ನಿಮ್ಮಪ್ಪ ಹೇಳ್ತಿದ್ದದ್ದು ಸುಳ್ಳಲ್ಲ,” ಎಂದರು ಅವರು. ನಾನು ಅವರ ಎದುರು ಕುಕ್ಕರುಗಾಲಲ್ಲಿ ಕೂತು ಅಚ್ಚುಕೂಟದ ಕಾಗದದ ಕಥೆ ಹೇಳಿದೆ. ಇಬ್ಬರು ಅಮಲ್ದಾರರ ಹತ್ತಿರ ಬರುವಷ್ಟರಲ್ಲಿ ಸಿದ್ದಣ್ಣ ಎದೆ ಹಿಡಿದುಕೊಂಡು ನಕ್ಕರು. ಥೇಟ್ ಅಪ್ಪನ ನಗು. ನಕ್ಕು ಮುಗಿದ ಮೇಲೆ, “ಎಷ್ಟು ದಿನ ಅಂದ್ರು ಡಾಕ್ಟ್ರು?” ಎಂದು ಕೇಳಿದರು. “ಯುಗಾದಿ ನೋಡಲ್ಲ.” ಅವರು ಕಲ್ಲಿನ ಮೇಲಿದ್ದ ಸಾಬೂನಿನ ಚೂರನ್ನು ಉಗುರಿನಿಂದ ಕೆರೆಯುತ್ತಾ ಕೂತರು. ನಾನು ಲಿಂಗಪ್ಪನ ಮಗನ ವಿಷಯ ತೆಗೆದೆ. “ಆಮೇಲೆ ಸೇರಿದ್ರಾ ಅವರು?” ಎಂದರು. ಅದನ್ನು ನಾನೂ ಹಿಂದಿನ ದಿನ ಮೇಷ್ಟ್ರಿಗೆ ಕೇಳಿದ್ದೆ. “ಒಂದೇ ಸಲ. ಯಾವ್ದೋ ಬಂದರಿನಲ್ಲಿ, ನಾಲ್ಕು ದಿನ. ಪತ್ರಗಳಿಗೆ ರುಜು ಹಾಕಿ ಎದ್ದು ಹೋದ್ರಂತೆ. ಮತ್ತೆ ಸಾಯೋವರೆಗೂ ಇಲ್ಲ.” “ಪುಸ್ತಕದಲ್ಲಿದೆಯಾ ಅದು?” “ಇಲ್ಲ. ಪುಸ್ತಕ ಅದಕ್ಕಿಂತ ಎಷ್ಟೋ ಮುಂಚೆ ನಿಂತೋಗುತ್ತೆ.” ಸಿದ್ದಣ್ಣ ಅರ್ಜಿಯನ್ನು ಜೇಬಿಗೆ ಸೇರಿಸಿ, “ನಾನು ಕೇಳಿದ್ರೆ ಕೊಡ್ತಾರಾ?” ಎಂದರು. ನನಗೆ ಗೊತ್ತಿರಲಿಲ್ಲ, ಗೊತ್ತಿಲ್ಲ ಅಂತಲೇ ಹೇಳಿದೆ.

ಮಾರನೇ ದಿನ ಬಿಸಿಲು ಏರುವ ಹೊತ್ತಿಗೆ ಸಿದ್ದಣ್ಣ ಶಾಲೆಯ ಹಿಂದಿನ ಕೋಣೆಯ ಬಾಗಿಲಲ್ಲಿ ನಿಂತಿದ್ದರು. ಒಳಗೆ ಬರಲೂ ಇಲ್ಲ, ತಿರುಗಿ ಹೋಗಲೂ ಇಲ್ಲ. “ಹೊಸಾ ಅಳಿಯನಂಗೆ ಬಾಗ್ಲಾಗೆ ಯಾಕ್ ನಿಂತಿದ್ದೀಯಪ್ಪಾ, ಒಳೀಕ್ ಹೋಗು,” ಎಂದು ಕಾಸಿಂಬಿ ಶಾಯಿ ಪಾತ್ರೆಯ ಮುಂದಿನಿಂದಲೇ ಕೂಗಿದಳು. “ಯಾರು?” ಎಂದರು ಮೇಷ್ಟ್ರು ಮಲಗಿದಲ್ಲಿಂದ. ಯಾರೆಂದು ಅವರಿಗೆ ಚೆನ್ನಾಗಿ ಗೊತ್ತಿತ್ತು. ನಾನು, “ಸಿದ್ದಣ್ಣ ಬಂದವ್ರೆ,” ಎಂದೆ. “ಚಾವಡಿಯವರಿಗೆ ಇಲ್ಲೇನು ಕೆಲ್ಸ?” ಸಿದ್ದಣ್ಣ ನನ್ನ ಕಡೆ ತಿರುಗಿ, “ಚಾವಡಿ ಪೆನ್ನು ತಂದಿಲ್ಲ ಅನ್ನು. ಇದು ನಂದೇ,” ಎಂದರು. ಅಪ್ಪ ಮಗ ಮಾತಾಡುತ್ತಿದ್ದದ್ದು ನನ್ನ ಮೂಲಕ. ಮೇಷ್ಟ್ರು ಸೂರು ನೋಡುತ್ತಾ ಮಲಗಿಯೇ ಇದ್ದರು. ಈಗ ಬೇಡ ಅಂದರೆ ಇನ್ನು ಆ ಪುಸ್ತಕಕ್ಕೆ ಯಾರೂ ಇಲ್ಲ. “ಶಾಯಿ ಯಾರದ್ದು ಕೇಳು,” ಎಂದರು ಕೊನೆಗೆ. “ಕಾಸಿಂಬಿದು,” ಎಂದರು ಸಿದ್ದಣ್ಣ. “ಕೂತ್ಕೊಳ್ಳೋಕೆ ಹೇಳು.”

ನಾನು ಮೇಷ್ಟ್ರನ್ನು ದಿಂಬಿಗೆ ಒರಗಿಸಿ ಕೂರಿಸಿದೆ. ಟ್ರಂಕು ತೆಗೆದು, ಲಾಡಿ ಬಿಚ್ಚಿ, ಮೊದಲ ಹಾಳೆ ಕೈಗೆ ಕೊಟ್ಟೆ. ಸಿದ್ದಣ್ಣ ನೆಲದ ಮೇಲೆ ಚಕ್ಕಳಮಕ್ಕಳ ಹಾಕಿ ಕೂತು, ತೊಡೆಯ ಮೇಲೆ ಹಲಗೆ ಇಟ್ಟುಕೊಂಡು, ಬಗ್ಗಿ ಪೆನ್ನು ಊರಿದರು. ಮೇಷ್ಟ್ರು ಕನ್ನಡಕ ಹಾಕಿಕೊಂಡರು, ತೆಗೆದರು, ಒರೆಸಿ ಮತ್ತೆ ಹಾಕಿಕೊಂಡರು. ಜಗಲಿಯ ಮೇಲೆ ಈ ಪುಟ ಓದುವಾಗ ಅವರು ಯಾವಾಗಲೂ ಎರಡನೇ ಸಾಲಿನಿಂದ ಶುರುಮಾಡುತ್ತಿದ್ದರು ಎನ್ನುವುದು ನನಗೆ ಗೊತ್ತಾದದ್ದು ಆ ಗಳಿಗೆಯಲ್ಲಿ. ಯಾಕೆಂದರೆ ಮೊದಲ ಸಾಲು ನಾನು ಯಾವತ್ತೂ ಕೇಳಿರದ ಸಾಲು. ಲಿಂಗಪ್ಪ ತನ್ನ ಬದುಕಿನ ಕಥೆ ಬರೆಯಲು ಕೂತದ್ದು ಮಗನಿಗೆ ಕಾಗದ ಬರೆಯುವ ಹಾಗೆ, ಅವರಿಬ್ಬರ ಜಗಳಕ್ಕೆ ನಾಲ್ಕೈದು ವರ್ಷ ಮೊದಲು. ನಿಯಮದ ಪ್ರಕಾರ ಒಂದು ಅಕ್ಷರವನ್ನೂ ಬಿಡುವ ಹಾಗಿರಲಿಲ್ಲ.

“ಪ್ರೀತಿಯ ಮಗನೇ,” ಎಂದು ಓದಿದರು ಮೇಷ್ಟ್ರು. ಅಷ್ಟು ಓದಿ ಹಾಳೆಯನ್ನು ಎದೆಗೆ ಒರಗಿಸಿಕೊಂಡರು. ಸಿದ್ದಣ್ಣನ ಪೆನ್ನು ಆ ಎರಡು ಪದ ಬರೆದು ನಿಂತಿತು. ಸಿದ್ದಣ್ಣ ತಲೆ ಎತ್ತದೆ, “ಹೇಳಿ ಅಪ್ಪಾ,” ಎಂದರು.

ಮೇಷ್ಟ್ರು ಓದಿದರು. ತಡವರಿಸುತ್ತಾ, ನಿಂತು ನಿಂತು, ಪುಟದ ಕೊನೆಯವರೆಗೂ ಓದಿದರು. ಮುಗಿದ ಮೇಲೆ ಹಾಳೆ ನನ್ನ ಕೈಗೆ ಬಂತು. ಮೂಲದ ಜೊತೆ ಹೋಲಿಸಿ 'ಸರಿ ಇದೆ' ಅನ್ನುವುದು ಮೂರನೆಯವರ ಕೆಲಸ. ನಾನು ನೋಡಿದೆ. ಮೊದಲ ಸಾಲು ‘ಪ್ರೀತಿಯ ಮಗನೇ’. ಅದರ ಪಕ್ಕದಲ್ಲೇ, ಅದೇ ದುಂಡು ಅಕ್ಷರದಲ್ಲಿ, ‘ಹೇಳಿ ಅಪ್ಪಾ’. ಕೇಳಿದ್ದನ್ನೆಲ್ಲ ಬರೆಯುವ ಅಭ್ಯಾಸಕ್ಕೆ ಬಿದ್ದ ಕೈ ತನ್ನ ಬಾಯಿಂದ ಬಂದದ್ದನ್ನೂ ಬರೆದುಬಿಟ್ಟಿತ್ತು. ಇಪ್ಪತ್ತು ವರ್ಷದಲ್ಲಿ ಒಂದು ಕೊಂಬು ದೀರ್ಘ ತಪ್ಪದ ಚಾವಡಿಯ ಮುಖ್ಯಸ್ಥರು ಅವರು. ನಾನು ಆ ಸಾಲಿಗೆ ಬೆರಳಿಟ್ಟು ತೋರಿಸಿದೆ. ಸಿದ್ದಣ್ಣನ ಕಿವಿ ಕೆಂಪಾಯಿತು. “ಬೇರೆ ಹಾಳೆ ಕೊಡು. ಮತ್ತೆ ಮೊದಲಿಂದ ಬರೀತೀನಿ,” ಎಂದರು. “ಏನದು, ಇಲ್ಲಿ ಕೊಡು,” ಎಂದು ಮೇಷ್ಟ್ರು ಕೈ ಚಾಚಿದರು. ಒಂದು ಒತ್ತಕ್ಷರ ತಪ್ಪಿದರೆ ನೂರು ಸಲ ಬರೆಸುತ್ತಿದ್ದ ಮೇಷ್ಟ್ರು. ಹಾಳೆಯನ್ನು ಕಣ್ಣ ಹತ್ತಿರ ಹಿಡಿದು ಬಹಳ ಹೊತ್ತು ನೋಡಿದರು. “ಇರ್ಲಿ,” ಎಂದರು. “ಮೂಲದಲ್ಲಿ ಇಲ್ಲ ಅಪ್ಪಾ.” “ಗೊತ್ತು. ಲಿಂಗಪ್ಪನಿಗೆ ಆ ಪುಣ್ಯ ಇರ್ಲಿಲ್ಲ. ಇರ್ಲಿ ಬಿಡು.” ನಾನು ಕಾಸಿಂಬಿಗೆ ಏನೋ ಹೇಳುವ ನೆಪ ಮಾಡಿಕೊಂಡು ಹೊರಗೆ ಬಂದೆ. ಅಲ್ಲಿ ಅವಳು ಮೊದಲೇ ಸೆರಗಿನಲ್ಲಿ ಮುಖ ಒರೆಸಿಕೊಳ್ಳುತ್ತಿದ್ದಳು.

ಆಮೇಲೆ ಹತ್ತೊಂಬತ್ತು ದಿನ ಸಿದ್ದಣ್ಣ ಚಾವಡಿಗೆ ಹೋಗಲಿಲ್ಲ. ಅಪ್ಪನ ಮಂಚದ ಪಕ್ಕದಲ್ಲೇ ಕೂತು ಬರೆದರು. ಮೇಷ್ಟ್ರು ನಡುನಡುವೆ ಎದ್ದು ಲಿಂಗಪ್ಪನ ಯಾವುದಾದರೂ ಮಾತು ನೆನೆದು ನಗುವರು, ಅಚ್ಚುಕೂಟ ಬರಬೇಕಿತ್ತು ಕಣೋ ಅನ್ನುವರು. ಸಿದ್ದಣ್ಣ, ಬರಬಾರದಿತ್ತು ಅನ್ನುವರು. ಕಾಸಿಂಬಿ ಇಬ್ಬರಿಗೂ ಗಂಜಿ ತಂದುಕೊಟ್ಟು ಬೈಯುವಳು. ಮುನ್ನೂರ ನಲವತ್ತನೇ ಪುಟದಲ್ಲಿದ್ದಾಗ, ಒಂದು ಮಧ್ಯಾಹ್ನ, ಮೇಷ್ಟ್ರು ನಿದ್ದೆಯಲ್ಲೇ ಹೋದರು. ಶಾಯಿ ಮಂಕಾಗತೊಡಗಿತು. ಸಿದ್ದಣ್ಣ ಮಣ್ಣು ಮಾಡಿ ಬಂದು, ಸ್ನಾನ ಮಾಡಿ, ಅದೇ ಜಾಗದಲ್ಲಿ ಕೂತರು. ನಾನು ಒಂದೊಂದೇ ಹಾಳೆಯನ್ನು ಬಿಸಿಲಿಗೆ ಹಿಡಿದು ಓದಿ ಹೇಳಿದೆ, ಅವರು ಬರೆದರು. ಹತ್ತನೇ ದಿನ ಕೊನೆಯ ಹಾಳೆ ಓದುವಾಗ ಅಕ್ಷರಗಳು ನೀರಿನ ಗೆರೆಯ ಹಾಗಿದ್ದವು. ಓದಿ ಮುಗಿಸಿದೆ, ಅವರೂ ಬರೆದು ಮುಗಿಸಿದರು. ಮಾರನೇ ದಿನ ಅವರ ಜೇಬಿನಲ್ಲಿದ್ದ ಅರ್ಜಿಯಲ್ಲಿ ಕೆಂಪು ಶಾಯಿ ಮಾತ್ರ ಉಳಿದಿತ್ತು.

ನನ್ನ ಎರಡನೇ ಕಾಗದಕ್ಕೆ ಅಚ್ಚುಕೂಟದ ಮಾಲೀಕರು ಉತ್ತರ ಬರೆಯಲಿಲ್ಲ, ಎರಡು ವರ್ಷದ ಮೇಲೆ ತಾವೇ ಬಂದರು. ಒಳ್ಳೆಯ ಮನುಷ್ಯ. ಕೈ ಕೊಡುವ ಹುಡುಗಿ ಯಾರು ನೋಡಬೇಕು ಎಂದು ನಕ್ಕರು. ಪುಸ್ತಕ ಓದಿ ಬಹಳ ಮೆಚ್ಚಿ, ಅಚ್ಚು ಹಾಕುತ್ತೇನೆ ಅಂದರು. ಜೊತೆಗೆ, ಈ ‘ಹೇಳಿ ಅಪ್ಪಾ’ ಮೂಲದಲ್ಲಿಲ್ಲ, ಅದೊಂದನ್ನು ತೆಗೆಯಬೇಕಾಗುತ್ತದೆ ಅಂದರು. ಸಿದ್ದಣ್ಣ ಹಾಳೆಗಳನ್ನು ಸಾವಕಾಶವಾಗಿ ಜೋಡಿಸಿ ಲಾಡಿ ಕಟ್ಟಿ, “ಊಟ ಮಾಡ್ಕೊಂಡು ಹೋಗಿ,” ಎಂದರು. ಹಾಗಾಗಿ ಅಚ್ಚಿನವನಾದ ಲಿಂಗಪ್ಪನ ಕಥೆ ಅಚ್ಚಾಗಲೇ ಇಲ್ಲ.

ಈಗ ಚಾವಡಿಯಲ್ಲಿ ಗೊಬ್ಬರದ ಮೂಟೆ ಇಟ್ಟಿದ್ದಾರೆ. ಕಾಸಿಂಬಿ ಹೋಗಿ ಮೂವತ್ತು ವರ್ಷವಾಯಿತು. ಅಳಲೆಕಾಯಿ ಕುದಿಯುವ ಆ ಒಗರು ವಾಸನೆ ಈಗಲೂ ಒಮ್ಮೊಮ್ಮೆ ಮೂಗಿಗೆ ಬಂದ ಹಾಗಾಗಿ ಎದ್ದು ಕೂರುತ್ತೇನೆ. ಜನ ಪೆನ್ನು ಹಿಡಿಯುವುದೇ ಕಡಿಮೆ, ಅಳಿಸಿಹೋಗುವುದಕ್ಕೆ ಏನಾದರೂ ಬರೆದಿದ್ದರೆ ತಾನೆ. ಹೋದ ವರ್ಷ, ಎಂಬತ್ತಮೂರು ತುಂಬಿದ ಮೇಲೆ, ಸಿದ್ದಣ್ಣ ಹೇಳಿ ಕಳಿಸಿದರು. ಹೋದೆ. ಮೇಜಿನ ಮೇಲೆ ಹಾಳೆಗಳ ಕಟ್ಟು ಬಿಚ್ಚಿ ಇಟ್ಟಿತ್ತು. “ಇನ್ನು ನೀನೇ ಕಣಮ್ಮ ಚಂದ್ರಮತಿ,” ಎಂದರು. ನನಗೂ ಅರವತ್ತೇಳು, ನನ್ನ ಕೈ ಎಷ್ಟು ದಿನ ಎಂದು ಕೇಳಬೇಕು ಅನ್ನಿಸಿತು, ಕೇಳಲಿಲ್ಲ. ಎದುರು ಕೂತು ಪೆನ್ನು ಊರಿದೆ.

ಸಿದ್ದಣ್ಣ ಕನ್ನಡಕ ಏರಿಸಿ ಮೊದಲ ಹಾಳೆ ಎತ್ತಿಕೊಂಡರು. “ಪ್ರೀತಿಯ ಮಗನೇ,” ಎಂದರು. ನಾನು ಬರೆದೆ. ಮುಂದೆ ಓದಲಿಲ್ಲ. ತಲೆ ಎತ್ತಿ ನೋಡಿದೆ. ಅವರು ಅಪ್ಪನ ಹಾಗೆಯೇ ಕನ್ನಡಕ ತೆಗೆದು, ಒರೆಸಿ, ಮತ್ತೆ ಹಾಕಿಕೊಳ್ಳುತ್ತಿದ್ದರು. “ಮುಂದಿನದ್ದು ನಿನಗೆ ಗೊತ್ತಲ್ಲ, ನೀನೇ ಬರ್ಕೊಂಡುಬಿಡು,” ಎಂದರು. “ಆಗಲ್ಲ ಸಿದ್ದಣ್ಣ, ನಿಮ್ಮ ಬಾಯಿಂದಲೇ ಬರ್ಬೇಕು,” ಎಂದೆ. ಅವರು ಬಾಗಿಲ ಕಡೆ ನೋಡಿದರು, ಮತ್ತೆ ಹಾಳೆ ನೋಡಿದರು. ಆಮೇಲೆ, ನಾನು ಎದುರಿಗೆ ಇಲ್ಲವೇ ಇಲ್ಲವೆಂಬಂತೆ, ಮೆತ್ತಗೆ, “ಹೇಳಿ ಅಪ್ಪಾ,” ಎಂದು ಓದಿದರು.